ತಾಯಿ–ಮರಿಗಳ ಡಿಎನ್‌ಎ ಹೊಂದುತ್ತಿಲ್ಲ: ಸಿಂಗಳೀಕದ ಹಿಕ್ಕೆಯಿಂದ ಬಂದ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದು?

ಕತ್ತಲೆಕಾನು:

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕನ್ನಡದ ಶಿರಸಿ ಮತ್ತು ಹೊನ್ನಾವರದ ನಡುವಿನ ಕಾಡುಗಳಲ್ಲಿ ಸಿಂಗಳೀಕಗಳ ಒಂದು ಗುಂಪಿನ ಹಿಂದೆ ಓಡಾಡುತ್ತಿರುವ ಸಂಶೋಧನಾ ವಿದ್ಯಾರ್ಥಿನಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ಪ್ರಾಣಿಗಳನ್ನು ಹಿಡಿಯದೆ, ಮುಟ್ಟದೆ, ಮರದಿಂದ ಕೆಳಗೆ ಬಿದ್ದ ಹಿಕ್ಕೆಯನ್ನು ಮಾತ್ರ ಆಯ್ದುಕೊಂಡು, ಅದರಲ್ಲಿರುವ ಡಿಎನ್‌ಎಯ ಸಹಾಯದಿಂದ ಗುಂಪಿನ ಮರಿಗಳ ತಂದೆ ಯಾರೆಂದು ತಿಳಿಯುವುದು ನನ್ನ ಕೆಲಸ.

ಮೊದಲ ಸುತ್ತಿನ ಫಲಿತಾಂಶ ಕಳೆದ ವಾರ ಕೈಸೇರಿತು. ತಂದೆಯ ಮಾತು ಹಾಗಿರಲಿ, ಮೂರು ಮರಿಗಳಿಗೆ ತಾಯಿಯೇ ಹೊಂದುತ್ತಿಲ್ಲ. ಉದಾಹರಣೆಗೆ, ಒಂದು ಮೈಕ್ರೋಸ್ಯಾಟಲೈಟ್ ಜಾಗದಲ್ಲಿ (ಚಿಕ್ಕ ತುಣುಕೊಂದು ಸಾಲಾಗಿ ಮರುಕಳಿಸುವ, ಉದ್ದ ಪ್ರಾಣಿಯಿಂದ ಪ್ರಾಣಿಗೆ ಬದಲಾಗುವ ಜಾಗ; ಅಂಕಿಗಳು ಅದರ ಎರಡು ಪ್ರತಿಗಳ ಉದ್ದ) ತಾಯಿಯದು 142/142 ಎಂದೂ ಮರಿಯದು 150/150 ಎಂದೂ ಬಂದಿದೆ. ಮರಿಗೆ ಪ್ರತಿಯೊಂದು ಜಾಗದಲ್ಲಿಯೂ ಒಂದು ಪ್ರತಿ ತಾಯಿಯಿಂದಲೇ ಬರಬೇಕಾದ್ದರಿಂದ ಇದು ಅಸಾಧ್ಯ. ಆದರೆ ಈ ಮರಿಗಳು ಆ ಹೆಣ್ಣುಗಳ ಎದೆಗೆ ಅಂಟಿಕೊಂಡು ಹಾಲು ಕುಡಿಯುವುದನ್ನು ನಾನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದೇನೆ. ಪ್ರಯೋಗಾಲಯದಲ್ಲಿ ಪ್ರತಿ ಮಾದರಿಯನ್ನು ಒಂದೊಂದು ಸಲ ಮಾತ್ರ ಪರೀಕ್ಷಿಸಿದ್ದೇವೆ. ಕಣ್ಣನ್ನು ನಂಬಬೇಕೋ ಯಂತ್ರವನ್ನು ನಂಬಬೇಕೋ ತಿಳಿಯುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಮೈಕ್ರೋಲೀಟರ್:

ನಿಮ್ಮ ಕಣ್ಣನ್ನೇ ನಂಬಿ. ನೀವು ಕೊಟ್ಟ ಉದಾಹರಣೆಯಲ್ಲಿಯೇ ಉತ್ತರವೂ ಇದೆ: ತಾಯಿಯಲ್ಲಿ ಒಂದೇ ಅಲೀಲ್ (ಆ ಜಾಗದ ಪ್ರತಿಯ ಒಂದು ರೂಪ), ಮರಿಯಲ್ಲಿಯೂ ಒಂದೇ ಅಲೀಲ್, ಆದರೆ ಅವೆರಡೂ ಬೇರೆ ಬೇರೆ. ಹಿಕ್ಕೆಯ ಮಾದರಿಗಳಲ್ಲಿ ಈ ಚಹರೆ ಕಂಡಾಗಲೆಲ್ಲ ಮೊದಲು ಸಂಶಯಿಸಬೇಕಾದದ್ದು ಅಲೀಲ್ ಜಾರಿಹೋಗುವಿಕೆಯನ್ನು. ಬಹುಶಃ ತಾಯಿ ನಿಜವಾಗಿ 142/150 ಆಗಿದ್ದು, ಅವಳ 150 ಆ ದಿನ ನಳಿಕೆಯಲ್ಲಿ ವೃದ್ಧಿಯಾಗಲೇ ಇಲ್ಲ. ಅಥವಾ ಮರಿಯ 142 ಜಾರಿಹೋಗಿರಬಹುದು.

ಇದು ಏಕೆ ಆಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೆಯೇ ನಿಂತಿವೆ. ಹಿಕ್ಕೆಯಲ್ಲಿರುವ ಡಿಎನ್‌ಎಯ ಬಹುಪಾಲು ಬ್ಯಾಕ್ಟೀರಿಯಾಗಳದು. ಮಿಕ್ಕದ್ದರಲ್ಲಿ ಪ್ರಾಣಿ ತಿಂದ ಹಣ್ಣು, ಎಲೆ, ಹುಳುಗಳ ಡಿಎನ್‌ಎಯೂ ಸೇರಿರುತ್ತದೆ. ಪ್ರಾಣಿಯ ಸ್ವಂತ ಡಿಎನ್‌ಎ ಎಂದರೆ ದೊಡ್ಡಕರುಳಿನ ಒಳಪದರದಿಂದ ಉದುರಿ ಹಿಕ್ಕೆಯ ಮೇಲ್ಮೈಗೆ ಅಂಟಿಕೊಂಡು ಬಂದ ಕೆಲವು ಜೀವಕೋಶಗಳದು ಮಾತ್ರ, ಅದೂ ತುಂಡುತುಂಡಾಗಿ. ಸಸ್ತನಿಯ ಒಂದು ಜೀವಕೋಶದಲ್ಲಿ ಸುಮಾರು 6 ಪಿಕೋಗ್ರಾಂ ಡಿಎನ್‌ಎ ಇರುತ್ತದೆ. ನಿಮ್ಮ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಕ್ರಿಯೆ) ನಳಿಕೆಗೆ 25 ಪಿಕೋಗ್ರಾಂ ಮಾತ್ರ ಬಿದ್ದಿದ್ದರೆ, ನೀವು ಬೆರಳೆಣಿಕೆಯ ಕೋಶಗಳನ್ನು ನಂಬಿಕೊಂಡು ಒಂದು ಪ್ರಾಣಿಯ ವಂಶಾವಳಿಯನ್ನು ಬರೆಯುತ್ತಿದ್ದೀರಿ ಎಂದರ್ಥ.

ಕಣಜದಲ್ಲಿ ಕರಿ ಕಾಳು ಮತ್ತು ಬಿಳಿ ಕಾಳು ಸಮಸಮವಾಗಿ ಬೆರೆತಿವೆ ಎಂದುಕೊಳ್ಳಿ. ಬೊಗಸೆ ತುಂಬ ತೆಗೆದರೆ ಎರಡೂ ಬಣ್ಣ ಬಂದೇ ಬರುತ್ತವೆ. ಮೂರೇ ಕಾಳು ತೆಗೆದರೆ ನಾಲ್ಕರಲ್ಲಿ ಒಂದು ಸಲ ಮೂರೂ ಒಂದೇ ಬಣ್ಣದವಾಗಿರುತ್ತವೆ. ಒಂದೇ ಕಾಳು ತೆಗೆದರಂತೂ ಪ್ರತಿ ಸಲವೂ ಒಂದೇ ಬಣ್ಣ. ಆಗ ಪಿಸಿಆರ್ ಆ ಒಂದು ಬಣ್ಣವನ್ನೇ ಕೋಟಿಗಟ್ಟಲೆಯಾಗಿ ಹೆಚ್ಚಿಸಿ, ಎತ್ತರವಾದ, ಅಚ್ಚುಕಟ್ಟಾದ ಶಿಖರವನ್ನು ಯಂತ್ರದ ನಕ್ಷೆಯಲ್ಲಿ ನಿಮ್ಮ ಮುಂದಿಡುತ್ತದೆ. ಶಿಖರ ಸುಂದರವಾಗಿದೆ ಎಂಬ ಕಾರಣಕ್ಕೆ ಫಲಿತಾಂಶ ಸರಿಯೆಂದು ತಿಳಿಯುವುದು ಈ ಕೆಲಸದಲ್ಲಿ ಅತ್ಯಂತ ಅಪಾಯಕಾರಿ ನಂಬಿಕೆ.

ಶಾಲಾಮೇಷ್ಟ್ರು:

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುವವನು, ಈ ಕ್ಷೇತ್ರದವನಲ್ಲ. ಹಿಕ್ಕೆಯಲ್ಲಿ ಇಷ್ಟೊಂದು ತೊಡಕಿರುವಾಗ, ಅರಿವಳಿಕೆ ಹೊಡೆದು ಒಂದು ಹನಿ ರಕ್ತ ತೆಗೆದುಕೊಂಡರೆ ಎಲ್ಲವೂ ಸುಲಭವಾಗುವುದಿಲ್ಲವೇ?

ಉಂಬಳ:

ಮೇಷ್ಟ್ರೇ, ರಕ್ತ ಸಿಕ್ಕರೆ ಡಿಎನ್‌ಎ ಧಾರಾಳವಾಗಿ ಸಿಗುತ್ತದೆ ಎಂಬುದು ನಿಜ. ಆದರೆ ಸಿಂಗಳೀಕ ನೆಲಕ್ಕೆ ಇಳಿಯುವುದೇ ಅಪರೂಪ. ಇಪ್ಪತ್ತು ಮೀಟರಿಗೂ ಎತ್ತರದ ಹರೆಗಳಲ್ಲಿ ಬದುಕುವ ಪ್ರಾಣಿಗೆ ಅರಿವಳಿಕೆಯ ಸೂಜಿ ತಗುಲಿದರೆ, ಮದ್ದು ಏರುವ ಕೆಲವು ನಿಮಿಷಗಳಲ್ಲಿ ಅದು ಇನ್ನೂ ಎತ್ತರಕ್ಕೆ ಓಡುತ್ತದೆ, ಅಲ್ಲಿಂದ ಬೀಳುತ್ತದೆ. ಹೊಟ್ಟೆಗೆ ಮರಿ ಕಟ್ಟಿಕೊಂಡ ತಾಯಿಯಾದರೆ ಎರಡು ಜೀವಗಳ ಮಾತು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲದ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿಯ ಮೇಲೆ, ಅದರ ಅಪ್ಪ ಯಾರೆಂದು ತಿಳಿಯುವ ಕುತೂಹಲಕ್ಕಾಗಿ ಆ ಅಪಾಯ ತರಲು ನಮಗೆ ಹಕ್ಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಮ್ಮೆ ಸೂಜಿ ಹೊಡೆದ ಗುಂಪು ಮತ್ತೆ ಮನುಷ್ಯರನ್ನು ಹತ್ತಿರ ಬಿಟ್ಟುಕೊಳ್ಳುವುದೂ ಕಷ್ಟ. ವರ್ಷಗಟ್ಟಲೆ ಹಿಂಬಾಲಿಸಿ ಗಳಿಸಿದ ವಿಶ್ವಾಸ ಒಂದೇ ದಿನದಲ್ಲಿ ಹೋಗುತ್ತದೆ.

ಇನ್ನು ಕತ್ತಲೆಕಾನು ಅವರಿಗೆ: ಪ್ರಯೋಗಾಲಯದ ಮಾತು ಮೈಕ್ರೋಲೀಟರ್ ಅವರು ಹೇಳಿದ್ದಾರೆ. ಆದರೆ ನನ್ನ ಅನುಭವದಲ್ಲಿ ಅರ್ಧ ತಪ್ಪು ಕಾಡಿನಲ್ಲಿಯೇ ಆಗಿರುತ್ತದೆ. ನಾನು ಹೇಗೆ ಆಯುತ್ತೇನೆ ಎಂಬುದನ್ನು ಬರೆಯುತ್ತೇನೆ, ನಿಮ್ಮದರೊಡನೆ ಹೋಲಿಸಿ ನೋಡಿ.

ಬೆಳಗಿನ ಹೊತ್ತು, ಗುಂಪು ರಾತ್ರಿ ಕಳೆದ ಮರದಿಂದ ಕದಲುವ ಮುಂಚೆ, ನಾನು ಆ ಮರದ ಕೆಳಗೆ ಇರುತ್ತೇನೆ. ಯಾವ ಪ್ರಾಣಿ ಹಾಕಿತು ಎಂಬುದನ್ನು ದುರ್ಬೀನಿನಲ್ಲಿ ನೋಡಿದ ಮೇಲೆಯೇ ಕೆಳಗೆ ಹುಡುಕುತ್ತೇನೆ. ಅದು ಬೀಳುವಾಗ ನಡುವಿನ ಎಲೆಗಳಿಗೆ ತಾಗಿ ಚದುರುತ್ತದೆ. ತರಗೆಲೆಯ ಮೇಲೆ ಬಿದ್ದದ್ದಾದರೆ ಎಲೆಯ ಸಮೇತ ಎತ್ತಿಕೊಳ್ಳುತ್ತೇನೆ. ಕೈಗವಸು ಹಾಕಿಕೊಂಡು, ಹೊಸ ಕಡ್ಡಿಯಿಂದ, ಮೇಲೆ ಲೋಳೆಯಂತೆ ಹೊಳೆಯುವ ಪದರವನ್ನು ಮಾತ್ರ ಕೆರೆದುಕೊಳ್ಳಬೇಕು, ಕರುಳಿನ ಕೋಶಗಳು ಇರುವುದು ಅಲ್ಲಿಯೇ. ಒಳಗಿನ ಬೀಜ, ನಾರು, ಹುಳದ ರೆಕ್ಕೆ ಯಾವುದೂ ಬೇಡ. ಅವು ಜಾಗ ತುಂಬುತ್ತವೆ ಅಷ್ಟೇ ಅಲ್ಲ, ಹಣ್ಣಿನ ಒಗರು ಪದಾರ್ಥಗಳು ಪಿಸಿಆರ್ ನಡೆಯದಂತೆ ತಡೆಯುತ್ತವೆ. ಎರಡು ಮಾದರಿಗಳ ನಡುವೆ ಕೈಗವಸು ಬದಲಿಸುತ್ತೇನೆ. ಚೀಟಿಯನ್ನು ಅಲ್ಲಿಯೇ ನಿಂತು ಬರೆಯುತ್ತೇನೆ, ಪೆನ್ಸಿಲಿನಲ್ಲಿ, ಏಕೆಂದರೆ ಆಲ್ಕೊಹಾಲ್ ಸೋರಿದರೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ. ಸಂಜೆ ಬಿಡಾರಕ್ಕೆ ಬಂದು ನೆನಪಿನಿಂದ ಬರೆದ ಚೀಟಿಯನ್ನು ನಾನು ಚೀಟಿಯೆಂದೇ ಪರಿಗಣಿಸುವುದಿಲ್ಲ.

ನೀವು ಮಾದರಿಗಳನ್ನು ಹೇಗೆ ಕಾಪಾಡಿದ್ದೀರಿ? ಮಳೆಗಾಲದಲ್ಲಿ ಆಯ್ದವೇ?

ಕತ್ತಲೆಕಾನು:

ಉಂಬಳ ಸರ್, ಮೈಕ್ರೋಲೀಟರ್ ಅವರೇ, ಧನ್ಯವಾದಗಳು. ಮುಕ್ಕಾಲು ಪಾಲು ಮಾದರಿಗಳು ಮಳೆ ಹಿಡಿಯುವ ಮುಂಚಿನವು. ಎಲ್ಲವನ್ನೂ ನೇರವಾಗಿ ಸಿಲಿಕಾ ಜೆಲ್ ಇರುವ ಡಬ್ಬಿಗೆ ಹಾಕಿದ್ದೆ. ಕೆಲವು ಡಬ್ಬಿಗಳಲ್ಲಿ ಸಿಲಿಕಾ ಮಣಿಗಳು ಎರಡೇ ದಿನಕ್ಕೆ ಬಣ್ಣ ತಿರುಗಿದ್ದನ್ನು ಕಂಡೂ ಹೊಸ ಮಣಿ ಹಾಕಿರಲಿಲ್ಲ, ಅದು ನನ್ನದೇ ತಪ್ಪು. ಇನ್ನೊಂದು ಪ್ರಶ್ನೆ: ಹಿಕ್ಕೆಯ ಬದಲು ಕೂದಲನ್ನು ಬಳಸಬಹುದೇ? ಚಿಂಪಾಂಜಿಗಳಲ್ಲಿ ಮೊದಲು ಕೂದಲಿನಿಂದಲೇ ಈ ಕೆಲಸ ನಡೆಯಿತು ಎಂದು ಓದಿದ್ದೇನೆ.

ವಲಸೆಹಕ್ಕಿ:

ಕೂದಲಿನ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ತಾಯಿ–ಮರಿಗಳ ಸಮಸ್ಯೆಯ ಅತಿ ದೊಡ್ಡ ಪಾಠ ಇರುವುದು ಅಲ್ಲಿಯೇ.

ಚಿಂಪಾಂಜಿಗಳು ಪ್ರತಿ ರಾತ್ರಿ ಮರದ ಮೇಲೆ ಕೊಂಬೆ ಬಗ್ಗಿಸಿ ಹಾಸಿಗೆ ಮಾಡಿಕೊಳ್ಳುತ್ತವೆ. ಬೆಳಗ್ಗೆ ಅವು ಎದ್ದು ಹೋದ ಮೇಲೆ ಅಲ್ಲಿ ಉದುರಿದ ಕೂದಲು ಸಿಗುತ್ತದೆ. ಟಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಹೀಗೆ ಆಯ್ದ ಕೂದಲುಗಳ ಆಧಾರದ ಮೇಲೆ 1994ರಲ್ಲಿ ಪ್ರಕಟವಾದ ಅಧ್ಯಯನ ಆ ಕಾಲಕ್ಕೆ ದೊಡ್ಡ ಹೆಜ್ಜೆಯಾಗಿತ್ತು. ಅದರ ನಂತರ, 1997ರಲ್ಲಿ, ಐವರಿ ಕೋಸ್ಟಿನ ತಾಯಿ ಕಾಡಿನಿಂದ (ಇಲ್ಲಿ ‘ತಾಯಿ’ ಎಂಬುದು ಆ ಕಾಡಿನ ಹೆಸರು) ಒಂದು ವರದಿ ನೇಚರ್ ಪತ್ರಿಕೆಯಲ್ಲಿ ಬಂದಿತು. ಗುಂಪಿನ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಆ ಗುಂಪಿನ ಯಾವ ಗಂಡೂ ತಂದೆಯಲ್ಲ, ಹೆಣ್ಣುಗಳು ಯಾರಿಗೂ ತಿಳಿಯದಂತೆ ನೆರೆಯ ಗುಂಪಿಗೆ ಹೋಗಿ ಬರುತ್ತಿರಬೇಕು ಎಂಬುದು ಅದರ ಸಾರ. ವರ್ಷಗಟ್ಟಲೆ ಆ ಹೆಣ್ಣುಗಳ ಹಿಂದೆಯೇ ನಡೆದವರ ಕಣ್ಣಿಗೆ ಬೀಳದ ಸಂಗತಿಯನ್ನು ಡಿಎನ್‌ಎ ಹೇಳುತ್ತಿದೆ ಎಂದು ಜಗತ್ತೇ ಬೆರಗಾಯಿತು.

ಆದರೆ ಉದುರಿದ ಕೂದಲಿನ ಬುಡದಲ್ಲಿ ಡಿಎನ್‌ಎ ಬಹಳ ಕಡಿಮೆ. ಕಿತ್ತ ಕೂದಲಿನ ಬುಡದಲ್ಲಿರುವಷ್ಟು ಜೀವಂತ ಕೋಶಗಳು ತಾನಾಗಿ ಉದುರಿದ ಕೂದಲಿನಲ್ಲಿ ಇರುವುದಿಲ್ಲ. ಹಾಗಾಗಿ ಅಲೀಲುಗಳು ಜಾರಿಹೋದವು, ಜಾರಿಹೋದಲ್ಲೆಲ್ಲ ನಿಜವಾದ ತಂದೆ ‘ಹೊಂದುವುದಿಲ್ಲ’ ಎಂದು ಪಟ್ಟಿಯಿಂದ ಹೊರಬಿದ್ದ. ಉದುರಿದ ಕೂದಲಿನಲ್ಲಿ ಇಂಥ ತಪ್ಪುಗಳಾಗುತ್ತವೆ ಎಂಬುದನ್ನು ಅದೇ ತಂಡದವರು ಅದೇ ವರ್ಷ ಬೇರೊಂದು ಲೇಖನದಲ್ಲಿ ಬರೆದಿದ್ದರು. 2001ರಲ್ಲಿ ಲಿಂಡಾ ವಿಜಿಲಂಟ್ ಮತ್ತು ಸಂಗಡಿಗರು ಅದೇ ಕಾಡಿನ ಗುಂಪುಗಳನ್ನು ಹೆಚ್ಚು ಎಚ್ಚರದಿಂದ, ಮತ್ತೆ ಮತ್ತೆ ಪರೀಕ್ಷಿಸಿ ನೋಡಿದಾಗ, ಬಹುಪಾಲು ಮರಿಗಳಿಗೆ ಅಪ್ಪ ಗುಂಪಿನೊಳಗೇ ಇದ್ದ. 1997ರ ವರದಿಯನ್ನು ಅದರ ಲೇಖಕರೇ 2001ರಲ್ಲಿ ಹಿಂತೆಗೆದುಕೊಂಡರು. ತಮ್ಮ ತಪ್ಪನ್ನು ತಾವೇ ಮುದ್ರಿಸಿ ಹೇಳಿದ ಆ ಪ್ರಾಮಾಣಿಕತೆಯನ್ನು ನಾನು ಬಹಳ ಗೌರವಿಸುತ್ತೇನೆ. ನಮ್ಮ ಕ್ಷೇತ್ರದ ಇಂದಿನ ಕಟ್ಟುನಿಟ್ಟಿನ ಹಿಂದೆ ಆ ಘಟನೆಯ ಪಾಲು ದೊಡ್ಡದು.

ಆದ್ದರಿಂದ, ಕತ್ತಲೆಕಾನು ಅವರೇ, ನಿಮ್ಮ ಅದೃಷ್ಟ ಚೆನ್ನಾಗಿದೆ ಎಂದೇ ಹೇಳುತ್ತೇನೆ. ನಿಮಗೆ ತಾಯಂದಿರು ಯಾರೆಂದು ಗೊತ್ತಿತ್ತು, ಹಾಗಾಗಿ ತಪ್ಪು ಮೊದಲ ದಿನವೇ ಸಿಕ್ಕಿಬಿತ್ತು. ತಂದೆಯ ವಿಷಯದಲ್ಲಿ ಇದೇ ತಪ್ಪಾಗಿದ್ದರೆ ಅದೊಂದು ರೋಚಕ ಆವಿಷ್ಕಾರದಂತೆ ಕಾಣುತ್ತಿತ್ತು. ಸಿಂಗಳೀಕ ಹಾಸಿಗೆ ಮಾಡುವ ಪ್ರಾಣಿಯೂ ಅಲ್ಲದ ಕಾರಣ, ಕೂದಲಿನ ದಾರಿಯನ್ನು ಬಿಟ್ಟುಬಿಡಿ.

ಮೈಕ್ರೋಲೀಟರ್:

ವಲಸೆಹಕ್ಕಿ ಅವರು ಹೇಳಿದ ಕಟ್ಟುನಿಟ್ಟು ಏನೆಂಬುದನ್ನು ಈಗ ಲೆಕ್ಕದಲ್ಲಿ ಹೇಳುತ್ತೇನೆ. ಫ್ರಾನ್ಸಿನ ಪಿಯರ್ ತಾಬರ್ಲೆ ಮತ್ತು ಸಂಗಡಿಗರು 1996ರಲ್ಲಿ ಸೂಚಿಸಿದ ಬಹುನಳಿಕೆ ವಿಧಾನವೇ ಇಂದಿಗೂ ಅಡಿಪಾಯ: ಒಂದೇ ಮಾದರಿಯನ್ನು ಬೇರೆ ಬೇರೆ ನಳಿಕೆಗಳಲ್ಲಿ ಸ್ವತಂತ್ರವಾಗಿ ಪುನಃ ಪುನಃ ಪರೀಕ್ಷಿಸಬೇಕು. ಒಂದು ಅಲೀಲ್ ಕನಿಷ್ಠ ಎರಡು ನಳಿಕೆಗಳಲ್ಲಿ ಕಂಡರೆ ಮಾತ್ರ ಅದನ್ನು ಒಪ್ಪಿಕೊಳ್ಳಬೇಕು, ಏಕೆಂದರೆ ಒಮ್ಮೊಮ್ಮೆ ಇಲ್ಲದ ಅಲೀಲೂ ಪಿಸಿಆರಿನ ಎಡವಟ್ಟಿನಿಂದ ಹುಟ್ಟಿಕೊಳ್ಳುತ್ತದೆ. ಪ್ರಾಣಿಯಲ್ಲಿ ಒಂದೇ ಬಗೆಯ ಅಲೀಲ್ ಇದೆ ಎಂದು ಹೇಳಲು ಇನ್ನೂ ಹೆಚ್ಚಿನ ಸಾಕ್ಷ್ಯ ಬೇಕು. ಅತಿ ಕೆಟ್ಟ ಸ್ಥಿತಿಯಲ್ಲಿ, ಅಂದರೆ ಪ್ರತಿ ನಳಿಕೆಗೂ ಒಂದೇ ಅಣು ಬೀಳುತ್ತಿದೆ ಎಂದುಕೊಂಡರೆ, ಎರಡು ಬಗೆಯ ಅಲೀಲ್ ಇರುವ ಪ್ರಾಣಿಯಲ್ಲಿ ಏಳು ನಳಿಕೆಗಳಲ್ಲಿಯೂ ಒಂದೇ ಅಲೀಲ್ ಕಾಣುವ ಸಾಧ್ಯತೆ 64ರಲ್ಲಿ 1. ಎರಡೇ ನಳಿಕೆಗಳಾದರೆ ಅದು 2ರಲ್ಲಿ 1. ನೀವು ಒಂದೇ ನಳಿಕೆಯಲ್ಲಿ ನಿಲ್ಲಿಸಿದ್ದೀರಿ.

ಎಲ್ಲವನ್ನೂ ಏಳು ಸಲ ಮಾಡಲು ಹಣವೂ ಸಾಲದು, ಮಾದರಿಯೂ ಸಾಲದು ಎಂದು ನೀವು ಹೇಳುವಿರಿ, ಅದು ನಿಜ. ಅದಕ್ಕಾಗಿಯೇ ಮೊದಲು ಪ್ರತಿ ಮಾದರಿಯಲ್ಲಿ ಪ್ರಾಣಿಯ ಡಿಎನ್‌ಎ ಎಷ್ಟಿದೆ ಎಂಬುದನ್ನು ಪರಿಮಾಣಾತ್ಮಕ ಪಿಸಿಆರ್‌ನಿಂದ ಅಳೆಯಿರಿ. 2001ರಲ್ಲಿ ಚಿಂಪಾಂಜಿಗಳ ಮಾದರಿಗಳಿಗಾಗಿ ರೂಪುಗೊಂಡ ಕ್ರಮ ಇದು. ಸಾಮಾನ್ಯ ಅಳತೆಯ ಯಂತ್ರಗಳು ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಸೇರಿಸಿ ಎಣಿಸುವುದರಿಂದ ಇಲ್ಲಿ ಪ್ರಯೋಜನವಿಲ್ಲ. ಡಿಎನ್‌ಎ ಹೆಚ್ಚಿರುವ ಮಾದರಿಗೆ ಕಡಿಮೆ ನಳಿಕೆಗಳು ಸಾಕು. ತೀರಾ ಕಡಿಮೆ ಇರುವುದನ್ನು ಕೈಬಿಟ್ಟು, ಅದೇ ಪ್ರಾಣಿಯ ಹೊಸ ಹಿಕ್ಕೆ ಹುಡುಕುವುದು ಅಗ್ಗ.

ಶೇಖರಣೆಯ ಬಗ್ಗೆ: ನೇರವಾಗಿ ಸಿಲಿಕಾಕ್ಕೆ ಹಾಕುವ ಬದಲು, ಮೊದಲು ಒಂದು ದಿನ ಆಲ್ಕೊಹಾಲಿನಲ್ಲಿಟ್ಟು, ಆಮೇಲೆ ಹಿಕ್ಕೆಯನ್ನು ಮಾತ್ರ ತೆಗೆದು ಸಿಲಿಕಾ ಮಣಿಗಳ ಮೇಲೆ ಒಣಗಿಸುವ ಎರಡು ಹಂತದ ಕ್ರಮದಲ್ಲಿ ಹೆಚ್ಚು ಡಿಎನ್‌ಎ ಉಳಿಯುತ್ತದೆ ಎಂಬುದು ಗೊರಿಲ್ಲಾ, ಚಿಂಪಾಂಜಿಗಳ ಮಾದರಿಗಳಲ್ಲಿ 2004ರಲ್ಲಿಯೇ ತಿಳಿದುಬಂದಿದೆ. ಆಲ್ಕೊಹಾಲ್ ಕೋಶಗಳನ್ನು ಬೇಗ ಕೊಂದು ಕಿಣ್ವಗಳ ಕೆಲಸವನ್ನು ನಿಲ್ಲಿಸುತ್ತದೆ, ಸಿಲಿಕಾ ಉಳಿದ ನೀರನ್ನು ಹೀರುತ್ತದೆ. ಮಲೆನಾಡಿನ ತೇವಕ್ಕೆ ಇದೇ ಸರಿ. ಮಣಿ ಬಣ್ಣ ತಿರುಗಿದ ದಿನವೇ ಬದಲಿಸಿ.

ಇನ್ನೊಂದು ಎಚ್ಚರಿಕೆ. ಲಿಂಗ ಪತ್ತೆಯಲ್ಲಿಯೂ ಇದೇ ಜಾರುವಿಕೆ ಆಟವಾಡುತ್ತದೆ: ವೈ ವರ್ಣತಂತುವಿನ ತುಣುಕು ವೃದ್ಧಿಯಾಗದಿದ್ದರೆ ಗಂಡು ಹೆಣ್ಣಾಗಿ ದಾಖಲಾಗುತ್ತದೆ.

ಶಾಲಾಮೇಷ್ಟ್ರು:

ಕ್ಷಮಿಸಿ, ಇನ್ನೊಂದು ಪ್ರಶ್ನೆ. ಇಷ್ಟು ಕಷ್ಟಪಟ್ಟು ತಂದೆ ಯಾರೆಂದು ತಿಳಿದುಕೊಂಡರೆ ಕಾಡಿಗಾಗಲಿ ಪ್ರಾಣಿಗಾಗಲಿ ಏನು ಉಪಯೋಗ? ಮಕ್ಕಳು ಕೇಳಿದರೆ ನಾನು ಉತ್ತರಿಸಬೇಕಲ್ಲ.

ವಲಸೆಹಕ್ಕಿ:

ಮಕ್ಕಳಿಗೆ ಬ್ವಿಂಡಿಯ ಕತೆ ಹೇಳಿ ಮೇಷ್ಟ್ರೇ. ಉಗಾಂಡಾದ ಬ್ವಿಂಡಿ ಕಾಡಿನ ಪರ್ವತ ಗೊರಿಲ್ಲಾಗಳನ್ನು ಬಹುಕಾಲ ಅವುಗಳ ಹಾಸಿಗೆಗಳನ್ನು ಎಣಿಸಿ ಲೆಕ್ಕ ಹಾಕುತ್ತಿದ್ದರು. 2006ರ ಗಣತಿಯಲ್ಲಿ ಆ ಕ್ರಮದಿಂದ 336 ಎಂಬ ಸಂಖ್ಯೆ ಬಂದಿತು. ಅದೇ ಹಾಸಿಗೆಗಳ ಬಳಿ ಸಿಕ್ಕ ಮಲದ ಡಿಎನ್‌ಎಯನ್ನು ಪರೀಕ್ಷಿಸಿದಾಗ ಇದ್ದದ್ದು 302. ಕೆಲವು ಗೊರಿಲ್ಲಾಗಳು ಒಂದೇ ರಾತ್ರಿಯಲ್ಲಿ ಒಂದಕ್ಕಿಂತ ಹೆಚ್ಚು ಹಾಸಿಗೆ ಮಾಡಿದ್ದವು. ಅಳಿವಿನಂಚಿನ ಪ್ರಾಣಿಯಲ್ಲಿ 34ರ ವ್ಯತ್ಯಾಸ ಸಣ್ಣದಲ್ಲ. ಆಮೇಲಿನ 2018ರ ಗಣತಿಯೂ ಮಲದ ಡಿಎನ್‌ಎಯನ್ನೇ ಆಧರಿಸಿ, ಬ್ವಿಂಡಿ ಮತ್ತು ಪಕ್ಕದ ಸರಾಂಬ್ವೆಯಲ್ಲಿ ಕನಿಷ್ಠ 459 ಗೊರಿಲ್ಲಾಗಳನ್ನು ಗುರುತಿಸಿತು.

ರೋಗಗಳ ಮೂಲವೂ ಹೀಗೆಯೇ ತಿಳಿದದ್ದು. 2006ರಲ್ಲಿ ಬಿಯಾಟ್ರಿಸ್ ಹಾನ್ ಅವರ ತಂಡ ದಕ್ಷಿಣ ಕ್ಯಾಮರೂನಿನ ಕಾಡುಗಳಲ್ಲಿ ಸುಮಾರು 600 ಚಿಂಪಾಂಜಿ ಮಲದ ಮಾದರಿಗಳನ್ನು ಆಯ್ದು, ಜಗತ್ತಿನಾದ್ಯಂತ ಹರಡಿದ ಎಚ್‌ಐವಿಗೆ ಅತ್ಯಂತ ಹತ್ತಿರದ ವೈರಸ್ ಆ ದೇಶದ ಆಗ್ನೇಯ ಮೂಲೆಯ ಚಿಂಪಾಂಜಿಗಳಲ್ಲಿದೆ ಎಂದು ತೋರಿಸಿತು. ಒಂದೇ ಒಂದು ಪ್ರಾಣಿಯನ್ನೂ ಹಿಡಿಯಲಿಲ್ಲ. ಕಾಡಿನ ಚಿಂಪಾಂಜಿಗಳ ರಕ್ತವನ್ನು ಆ ಸಂಖ್ಯೆಯಲ್ಲಿ ಸಂಗ್ರಹಿಸುವುದನ್ನು ಊಹಿಸುವುದೂ ಕಷ್ಟ.

ತಂದೆಯ ಪ್ರಶ್ನೆಗೂ ತನ್ನದೇ ಬೆಲೆಯಿದೆ. ತಾಯಿ ಜೊತೆಗಿರುವ ಗಂಡು ಬೊನೊಬೊಗಳು ಮರಿ ಪಡೆಯುವ ಸಂಭವ, ತಾಯಿಯಿಲ್ಲದ ಗಂಡುಗಳಿಗಿಂತ ಸುಮಾರು 3 ಪಟ್ಟು ಹೆಚ್ಚು ಎಂಬುದು 2019ರಲ್ಲಿ ಪ್ರಕಟವಾಯಿತು. ಅಂಥ ಸಂಗತಿ ಬರಿಗಣ್ಣಿಗೆ ಎಂದಿಗೂ ಕಾಣುವುದಲ್ಲ.

ಉಂಬಳ:

ನಮ್ಮ ಘಟ್ಟದ ಮಾತನ್ನೂ ಸೇರಿಸುತ್ತೇನೆ. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಮತ್ತು ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರನ್ನೂ ಒಳಗೊಂಡ ತಂಡವೊಂದು 2015ರಲ್ಲಿ, ಘಟ್ಟದ ಉದ್ದಕ್ಕೂ ಇರುವ ಸಿಂಗಳೀಕಗಳ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಹೋಲಿಸಿ, ಪಾಲಕ್ಕಾಡ್ ಕಣಿವೆಯ ಉತ್ತರದವೂ ದಕ್ಷಿಣದವೂ ಬಹಳ ಹಿಂದೆಯೇ ಬೇರೆಯಾದ ಎರಡು ಕವಲುಗಳೆಂದು ತೋರಿಸಿತು. ನಮ್ಮ ಶಿರಸಿ–ಹೊನ್ನಾವರದವು ಉತ್ತರದ ಕವಲಿನ ತುತ್ತತುದಿ. ಇಲ್ಲಿನ ಗುಂಪುಗಳು ತೋಟ, ರಸ್ತೆ, ವಿದ್ಯುತ್ ಮಾರ್ಗಗಳಿಂದ ತುಂಡಾದ ಕಾಡಿನಲ್ಲಿವೆ. ಈ ಪ್ರಾಣಿಯಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ಉಳಿದು, ಬೆಳೆದ ಗಂಡುಗಳು ಬೇರೆ ಗುಂಪಿಗೆ ಹೋಗುತ್ತವೆ. ಗಂಡುಗಳ ದಾರಿ ಎಲ್ಲಿ ಕಡಿದುಹೋಗಿದೆ ಎಂಬುದನ್ನು ಮರಿಗಳ ತಂದೆಯ ಪಟ್ಟಿ ಹೇಳಬಲ್ಲದು. ಯಾವ ರಸ್ತೆಯ ಮೇಲೆ ಮರಗಳ ಹರೆಗಳು ಕೂಡಿಕೊಳ್ಳುವಂತೆ ಉಳಿಸಬೇಕು ಎಂಬ ಮಾತನ್ನು ಇಲಾಖೆಯ ಮುಂದೆ ಇಡಲು ಅದೇ ಆಧಾರ.

ಕತ್ತಲೆಕಾನು ಅವರಿಗೆ ಕೊನೆಯದಾಗಿ ಒಂದು ಮಾತು. ಕಾಯಿಲೆಗಳು ಪ್ರಾಣಿಯಿಂದ ನಮಗೂ, ನಮ್ಮಿಂದ ಪ್ರಾಣಿಗೂ ದಾಟುತ್ತವೆ. ನೆಗಡಿ ಇದ್ದ ದಿನ ಗುಂಪಿನ ಹತ್ತಿರ ಹೋಗಬೇಡಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲಿಯೂ ಇದೆ. ಹಿಕ್ಕೆ ಹುಡುಕುತ್ತ ತರಗೆಲೆಯಲ್ಲಿ ಮೊಣಕಾಲೂರುವವರಿಗೆ ಉಣುಗು ಹತ್ತುವುದು ಬಹಳ ಸುಲಭ. ಬೇಸಗೆಯಲ್ಲಿ ಉದ್ದ ತೋಳಿನ ಅಂಗಿ ಹಾಕಿ, ಉಣುಗು ಹತ್ತದಂತೆ ತಡೆಯುವ ತೈಲ ಹಚ್ಚಿ, ಬಿಡಾರಕ್ಕೆ ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮಾದರಿ ಸಿಕ್ಕಿತೆಂದು ಹತ್ತಿರ ಹೋಗದೆ, ಆರೋಗ್ಯ ಇಲಾಖೆಗೆ ತಿಳಿಸಿ.

ಮೈಕ್ರೋಲೀಟರ್:

ಮುಂದೆ ಇಡೀ ಜೀನೋಮಿನ ಕಡೆಗೆ ಹೋಗುವ ಯೋಚನೆಯಿದ್ದರೆ ಒಂದು ಸುಳಿವು. ಕಶೇರುಕಗಳ ಡಿಎನ್‌ಎಯ ಮೇಲೆ ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ಗುರುತುಗಳು ದಟ್ಟವಾಗಿರುತ್ತವೆ, ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಆ ಬಗೆಯವು ಇರುವುದಿಲ್ಲವೆಂದೇ ಹೇಳಬಹುದು. ಆ ಗುರುತಿಗೆ ಅಂಟುವ ಪ್ರೋಟೀನನ್ನು ಗಾಳದಂತೆ ಬಳಸಿ ಪ್ರಾಣಿಯ ಡಿಎನ್‌ಎಯನ್ನು ಮಾತ್ರ ಎತ್ತುವ ವಿಧಾನವನ್ನು 2018ರಲ್ಲಿ ಬಬೂನುಗಳ ಹಿಕ್ಕೆಯಲ್ಲಿ ತೋರಿಸಿದ್ದಾರೆ. ಆಫ್ರಿಕದ 48 ಜಾಗಗಳ 828 ಚಿಂಪಾಂಜಿ ಮಾದರಿಗಳಿಂದ 21ನೆಯ ವರ್ಣತಂತುವನ್ನು ಬೇರೆ ರೀತಿಯ ಗಾಳದಿಂದ ಹಿಡಿದು ಓದಿದ ಕೆಲಸ 2022ರಲ್ಲಿ ಬಂದಿದೆ. ಆದರೆ ಮೊದಲು ನಿಮ್ಮ ಮೂರು ಜೋಡಿಗಳನ್ನು ಸರಿಪಡಿಸಿಕೊಳ್ಳಿ.

ಕತ್ತಲೆಕಾನು:

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದಂತೆ ಮೊದಲು ಡಿಎನ್‌ಎ ಪ್ರಮಾಣವನ್ನು ಅಳೆದು, ಮೂರೂ ಜೋಡಿಗಳನ್ನು ಮತ್ತೆ ಪರೀಕ್ಷಿಸಿದೆವು. ಮೊದಲ ಜೋಡಿಯ ತಾಯಿಯಲ್ಲಿ ಮೂರನೆಯ ನಳಿಕೆಯಲ್ಲಿ 150 ಕಾಣಿಸಿಕೊಂಡಿತು, ಐದನೆಯದರಲ್ಲಿ ಮತ್ತೆ ಬಂದಿತು. ಅವಳು 142/150. ಎರಡನೆಯ ಜೋಡಿಯಲ್ಲಿ ಜಾರಿಹೋಗಿದ್ದದ್ದು ಮರಿಯ ಅಲೀಲ್.

ಮೂರನೆಯ ಜೋಡಿ ಮಾತ್ರ ಏಳು ನಳಿಕೆಗಳಾದರೂ ಹೊಂದಲಿಲ್ಲ. ಆ ತಾಯಿಯ ಹೊಸ ಹಿಕ್ಕೆಯನ್ನು ತಂದು ಮಾಡಿದಾಗಲೂ ಹಳೆಯದೇ ಫಲಿತಾಂಶ ಬಂದಿತು. ಆಗ ಕಾಡಿನ ಪುಸ್ತಕವನ್ನು ತೆಗೆದು ನೋಡಿದೆ. ಆ ಬೆಳಗ್ಗೆ ಒಂದೇ ಹೆಬ್ಬಲಸಿನ ಮರದ ಕೆಳಗೆ ಎರಡು ಮಾದರಿಗಳನ್ನು ಕೆಲವೇ ನಿಮಿಷಗಳ ಅಂತರದಲ್ಲಿ ಎತ್ತಿದ್ದೇನೆ, ಅಂದು ಮಳೆ ಹನಿಯುತ್ತಿತ್ತು, ಮರಿಯ ಡಬ್ಬಿಯ ಚೀಟಿಯನ್ನು ಬಿಡಾರಕ್ಕೆ ಬಂದ ಮೇಲೆ ಬರೆದಿದ್ದೇನೆ. ಉಂಬಳ ಸರ್ ಹೇಳಿದ ತಪ್ಪು ಅಕ್ಷರಶಃ ನನ್ನದೇ ಕೈಬರಹದಲ್ಲಿತ್ತು. ಅದು ಆ ಮರಿಯ ಮಾದರಿ ಎಂದು ಹೇಳುವ ಧೈರ್ಯ ನನಗಿಲ್ಲ, ಹಾಗಾಗಿ ಅದನ್ನು ಲೆಕ್ಕದಿಂದ ತೆಗೆದಿದ್ದೇನೆ. ಅದೇ ದಿನ ಸಂಜೆ ಚೀಟಿ ಬರೆದ ಇನ್ನೂ ನಾಲ್ಕು ಡಬ್ಬಿಗಳನ್ನೂ ಬದಿಗಿಟ್ಟಿದ್ದೇನೆ. ಮಳೆ ಹೊಳವಾದ ಕೂಡಲೇ ಆ ಐದೂ ಪ್ರಾಣಿಗಳ ಹಿಂದೆ ಮತ್ತೆ ಹೋಗುತ್ತೇನೆ, ಈ ಸಲ ಪೆನ್ಸಿಲನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು.